ಮನೆಯಲ್ಲೇ ಮಾಚಾ ಲಾಟೆ: ನುಗ್ಗೆಸೊಪ್ಪಲ್ಲೂ ಆಗುತ್ತೆ, ಆದ್ರೆ ಬ್ಯಾರನ್‌ನಲ್ಲಿ ಒಣಗಿಸಬೇಡಿ

ರೀಲ್ಸ್ ತೆರೆದ್ರೆ ಸಾಕು, ಗಾಜಿನ ಲೋಟದಲ್ಲಿ ಬಿಳಿ ಹಾಲಿನ ಮೇಲೆ ಹಸಿರು ಸುರಿಯುವ ವಿಡಿಯೋ ಬಂದೇ ಬರುತ್ತೆ. ಅದೇ ಮಾಚಾ ಲಾಟೆ. ಬೆಂಗಳೂರಿನ ಕೆಫೆಗಳಲ್ಲಿ ಒಂದು ಲೋಟಕ್ಕೆ ಇನ್ನೂರು ರೂಪಾಯಿ ದಾಟುತ್ತೆ. ಇದನ್ನ ಮನೇಲೇ ಮಾಡೋಕಾಗುತ್ತಾ? ಆಗುತ್ತೆ. ಅದರಲ್ಲೂ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹೊಗೆಸೊಪ್ಪಿನ ರೈತರಿಗೆ ಇದರ ಒಳಗುಟ್ಟು ಬೇರೆಯವರಿಗಿಂತ ಬೇಗ ಅರ್ಥವಾಗುತ್ತೆ.

ಮಾಚಾ ಅಂದ್ರೆ ಜಪಾನಿನ ಹಸಿರು ಟೀ ಎಲೆಯ ನುಣ್ಣನೆ ಪುಡಿ. ಕೊಯ್ಲಿಗೆ ಮೂರ್ನಾಲ್ಕು ವಾರ ಮೊದಲೇ ಟೀ ಗಿಡಗಳಿಗೆ ನೆರಳು ಕಟ್ಟುತ್ತಾರೆ. ಬಿಸಿಲು ಕಮ್ಮಿಯಾದಷ್ಟೂ ಎಲೆಯ ಹಸಿರು ಗಾಢವಾಗುತ್ತೆ, ಒಗರು ತಗ್ಗುತ್ತೆ. ಕಿತ್ತ ಮೇಲೆ ತಡಮಾಡದೆ ಹಬೆ ಕೊಟ್ಟು, ಒಣಗಿಸಿ, ನರ ದಂಟು ತೆಗೆದು ಬೀಸುವ ಕಲ್ಲಿಗೆ ಹಾಕ್ತಾರೆ. ಒಂದು ಕಲ್ಲಿನಲ್ಲಿ ಗಂಟೆಗೆ 40 ಗ್ರಾಂ ಬಂದರೆ ಹೆಚ್ಚು. ಬೆಲೆ ಸುಮ್ಮನೆ ಏರಿಲ್ಲ.

ಹಬೆ ಯಾಕೆ ಅಂತ ಕೇಳ್ತೀರಾ? ಬ್ಯಾರನ್ ನೆನಪು ಮಾಡ್ಕೊಳ್ಳಿ. ಎಲೆ ಏರಿಸಿದ ಮೊದಲ ಹಂತದಲ್ಲಿ ನೀವು ಹದವಾದ ಶಾಖ, ಹೆಚ್ಚು ತೇವ ಇಟ್ಟು ಹಸಿರು ಹೋಗಿ ಹಳದಿ ಬರೋ ತನಕ ಕಾಯ್ತೀರಿ. ಎಲೆಯೊಳಗಿನ ಕಿಣ್ವಗಳು ಆಗ ಕೆಲಸ ಮಾಡ್ತಿರುತ್ತವೆ. ಮಾಚಾದಲ್ಲಿ ಇದರ ತದ್ವಿರುದ್ಧ. ಹಬೆ ತಗುಲಿದ ಕೂಡಲೇ ಕಿಣ್ವಗಳ ಕೆಲಸ ನಿಲ್ಲುತ್ತೆ, ಹಸಿರು ಹಾಗೇ ಉಳಿಯುತ್ತೆ.

ನಮ್ಮ ಹೊಲದಲ್ಲಿ ಟೀ ಇಲ್ಲ, ನುಗ್ಗೆ ಇದೆ. ಪಿಕೆಎಂ-1 ಆಗಲಿ, ಅರಭಾವಿಯಿಂದ ಬಂದ ಭಾಗ್ಯ ತಳಿಯಾಗಲಿ, ಹಿತ್ತಲಿನ ಹಳೇ ಮರವಾಗಲಿ, ಸೊಪ್ಪು ಎಳೆಯದಾಗಿದ್ದರೆ ಸಾಕು. ರುಚಿ ಮಾಚಾದ್ದೇ ಅಂತ ನಾನು ಸುಳ್ಳು ಹೇಳಲ್ಲ, ಸೊಪ್ಪಿನ ವಾಸನೆ ಇದ್ದೇ ಇರುತ್ತೆ. ಆದ್ರೆ ಕೆಫೀನ್ ಇಲ್ಲ, ರಾತ್ರಿ ಕುಡಿದ್ರೂ ನಿದ್ದೆ ಕೆಡಲ್ಲ.

ಬೆಳಿಗ್ಗೆ ಸೊಪ್ಪು ಕಿತ್ತು, ಎರಡು ಸಲ ತೊಳೆದು, ಕಡ್ಡಿ ಉಳಿಯದಂತೆ ಬಿಡಿಸಿ. ಇಡ್ಲಿ ಪಾತ್ರೆಯಲ್ಲಿ ನೀರು ಕುದಿ ಬಂದ ಮೇಲೆ ತಟ್ಟೆಯಲ್ಲಿ ತೆಳ್ಳಗೆ ಹರಡಿ ಒಂದೂವರೆ ನಿಮಿಷ ಹಬೆ ಕೊಡಿ. ಅದಕ್ಕಿಂತ ಹೆಚ್ಚಾದ್ರೆ ಬಣ್ಣ ಮಂಕಾಗುತ್ತೆ. ಹಸಿರು ಉಳೀಲಿ ಅಂತ ಸೋಡಾ ಹಾಕೋರಿದ್ದಾರೆ, ಬೇಡಿ, ವಿಟಮಿನ್ ಹಾಳಾಗುತ್ತೆ. ತೆಗೆದ ತಕ್ಷಣ ಶುಚಿಯಾದ ಬಿಳಿ ಪಂಚೆ ಮೇಲೆ ಹರಡಿ, ಗಾಳಿಯಾಡುವ ನೆರಳಲ್ಲಿ ಒಣಗಿಸಿ. ಕೈಯಲ್ಲಿ ಹಿಸುಕಿದ್ರೆ ಪುಡಿಪುಡಿ ಆಗ್ಬೇಕು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಬೂಸು ಹಿಡಿಯುತ್ತೆ. ಮಳೆ ನಿಂತು ಒಣ ಗಾಳಿ ಬೀಸೋ ದಿನಗಳೇ ಸರಿ. ಬಿಡಿಸಿದ ಸೊಪ್ಪು ಒಂದು ಕೆಜಿಗೆ ಹೆಚ್ಚು ಅಂದ್ರೆ 200 ಗ್ರಾಂ ಪುಡಿ ಸಿಗುತ್ತೆ.

ಈಗ ಮುಖ್ಯ ಮಾತು. ಹರಾಜು ಶುರುವಾಗೋ ಹೊತ್ತಿಗೆ ಬ್ಯಾರನ್ ಖಾಲಿ ಇರುತ್ತೆ. "ಅಲ್ಲೇ ಒಣಗಿಸಿದ್ರೆ ಒಂದೇ ರಾತ್ರಿ ಕೆಲಸ ಅಲ್ವಾ?" ಅನ್ನಿಸೋದು ಸಹಜ. ದಯವಿಟ್ಟು ಬೇಡಿ. ಗೋಡೆ, ಕಡ್ಡಿ, ದಾರ, ನೆಲದ ದೂಳು ಎಲ್ಲದರಲ್ಲೂ ಹೊಗೆಸೊಪ್ಪಿನ ಅಂಶ ಕೂತಿರುತ್ತೆ. ಒದ್ದೆ ಹೊಗೆಸೊಪ್ಪು ಹೊತ್ತು ತಲೆ ಸುತ್ತಿ ವಾಂತಿ ಮಾಡ್ಕೊಂಡವರು ನಿಮ್ಮೂರಲ್ಲೂ ಇದ್ದಾರು. ಚರ್ಮದಿಂದಲೇ ಒಳಹೋಗೋ ಆ ನಿಕೋಟಿನ್, ಹಾಲಿನ ಜೊತೆ ಹೊಟ್ಟೆಗೇ ಹೋದ್ರೆ? 2009ರಲ್ಲಿ ಯುರೋಪಿನಲ್ಲಿ ಒಣ ಅಣಬೆಯಲ್ಲಿ ನಿಕೋಟಿನ್ ಕಂಡುಬಂದು, ಅದಕ್ಕೆ ಮಿತಿ ಗೊತ್ತುಮಾಡಬೇಕಾಯ್ತು. ಹೊಗೆಸೊಪ್ಪು ಪೋಣಿಸೋ ಟಾರ್ಪಾಲೂ ಬೇಡ, ಆ ಕೈಯಲ್ಲಿ ಸೊಪ್ಪು ಬಿಡಿಸೋದೂ ಬೇಡ. ಹೊಲದ ಬದುವಿನ ನುಗ್ಗೆಯ ಬಗ್ಗೆಯೂ ಹುಷಾರು. ಪಕ್ಕದ ಸಾಲಿಗೆ ಹೊಡೆದ ಕೀಟನಾಶಕ, ಕುಡಿ ಮುರಿದ ಮೇಲೆ ಹಾಕೋ ಔಷಧಿ ಗಾಳಿಗೆ ಅದರ ಮೇಲೂ ಬಿದ್ದಿರುತ್ತೆ. ತೊಳೆದರೆ ಪೂರ್ತಿ ಹೋಗಲ್ಲ. ಮನೆ ಹಿತ್ತಲಿನ ಮರದ್ದೇ ಬಳಸಿ.

ಒಣಗಿದ ಸೊಪ್ಪನ್ನ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ಓಡಿಸಿದ್ರೆ ಜಾರ್ ಕಾದು ಬಣ್ಣ ಕೆಡುತ್ತೆ. ಆಮೇಲೆ ತೆಳು ಬಟ್ಟೆಯಲ್ಲಿ ಜರಡಿ ಹಿಡೀರಿ. ಈ ಹಂತ ಬಿಟ್ರೆ ಲಾಟೆ ಕುಡಿದಂಗಿರಲ್ಲ, ಬಾಯಲ್ಲಿ ಮರಳು ಸಿಕ್ಕಂಗಿರುತ್ತೆ.

ಒಂದು ಲೋಟಕ್ಕೆ ಅರ್ಧ ಚಮಚ ಪುಡಿ. ಕುದಿಸಿ ಎರಡು ಮೂರು ನಿಮಿಷ ಆರಿಸಿದ ನೀರು ಕಾಲು ಲೋಟ ಹಾಕಿ, ಗಂಟಿಲ್ಲದಂತೆ ಕಡೀರಿ. ಜಪಾನಿನವರು ಬಿದಿರಿನ ಕುಂಚದಂಥ ಕಡ್ಡಿ ಬಳಸ್ತಾರೆ. ನಮ್ಮ ಮಜ್ಜಿಗೆ ಕಡೆಯೋ ಚಿಕ್ಕ ಕಡಗೋಲು ನೊರೆ ತರೋದ್ರಲ್ಲಿ ಅದಕ್ಕೇನೂ ಕಮ್ಮಿಯಿಲ್ಲ. ಮುಕ್ಕಾಲು ಲೋಟ ಬಿಸಿ ಹಾಲನ್ನೂ ಹಾಗೇ ಕಡೆದು ಮೇಲೆ ಸುರೀರಿ. ಬೆಲ್ಲ ಹಾಕೋದಾದ್ರೆ ಕೊನೆಗೆ, ಹಾಲು ಸ್ವಲ್ಪ ಆರಿದ ಮೇಲೆ. ಕುದಿಯೋ ಹಾಲಿಗೆ ಹಾಕಿದ್ರೆ ಒಡೆಯುತ್ತೆ. ಚಿಟಿಕೆ ಏಲಕ್ಕಿ ಸೊಪ್ಪಿನ ವಾಸನೆಯನ್ನ ಮುಚ್ಚುತ್ತೆ. ನಿಜವಾದ ಮಾಚಾ ಡಬ್ಬಿಯೇ ಯಾರಾದ್ರೂ ತಂದುಕೊಟ್ಟರೂ ವಿಧಾನ ಇದೇ, 2 ಗ್ರಾಂ ಸಾಕು. ಕುದಿಯೋ ನೀರು ಹಾಕಿದ್ರೆ ಅದು ಕಹಿಯಾಗುತ್ತೆ.

ರಕ್ತಹೀನತೆಗೆ ಇದೇ ಮದ್ದು ಅಂತ ವಿಡಿಯೋಗಳಲ್ಲಿ ಹೇಳ್ತಾರೆ. ಸೊಪ್ಪಲ್ಲಿ ಕಬ್ಬಿಣ ಇರೋದು ನಿಜ, ಆದ್ರೆ ಹಾಲಿನ ಕ್ಯಾಲ್ಸಿಯಂ ಅದನ್ನ ದೇಹ ಹೀರದಂತೆ ತಡೆಯುತ್ತೆ. ಕಬ್ಬಿಣಕ್ಕಾದ್ರೆ ನಿಂಬೆ ಹಿಂಡಿದ ನುಗ್ಗೆಸೊಪ್ಪಿನ ಸಾರೇ ಮೇಲು. ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು ವೈದ್ಯರನ್ನ ಕೇಳದೆ ದಿನಾ ಕುಡೀಬಾರ್ದು.

ಪುಡಿ ಮಾರೋ ಯೋಚನೆ ಇದ್ದರೆ ಹೊಗೆಸೊಪ್ಪು ಕಿತ್ತು ಎಕರೆಗಟ್ಟಲೆ ನುಗ್ಗೆ ಹಾಕೋಕೆ ಈಗಲೇ ಹೋಗಬೇಡಿ. ಮೊದಲು ಹತ್ತು ಮರದ ಸೊಪ್ಪಿನಿಂದ ಒಂದೆರಡು ಕೆಜಿ ಮಾಡಿ, ತಗೊಳ್ಳೋರು ಯಾರು, ಯಾವ ಬೆಲೆಗೆ ಅನ್ನೋದನ್ನ ನೋಡಿ. ಮಾರಾಟಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು. ಸಂಸ್ಕರಣೆ ಬಗ್ಗೆ ಕೇಳೋಕೆ ಮೈಸೂರಿನ ಸಿಎಫ್‌ಟಿಆರ್‌ಐ ಹತ್ತಿರದಲ್ಲೇ ಇದೆ. ಮನೆ ಬಳಕೆಯ ಪುಡಿಯನ್ನ ಬೆಳಕು ಬೀಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಮೂರು ತಿಂಗಳೊಳಗೆ ಮುಗಿಸಿ.