ಹಿಮದಲ್ಲಿ ಕೆಂಪು ಮಹಾದ್ವಾರ

ಕೆಂಪು ಬಣ್ಣದ ಎರಡಂತಸ್ತಿನ ಮಹಾದ್ವಾರ. ಅದರ ಮುಂದೆ ಹಿಮ ಹೊತ್ತ ಪೈನ್ ಮರ. ಓರೆಯಾಗಿ ಬೀಸುವ ಹಿಮಗಾಳಿಗೆ ಕೊಡೆಯನ್ನು ಅಡ್ಡ ಹಿಡಿದು ಒಬ್ಬಾಕೆ ನಡೆದು ಹೋಗುತ್ತಿದ್ದಾಳೆ, ಮುಖ ಕಾಣುವುದಿಲ್ಲ. ಜಪಾನಿನ ಕಲಾವಿದ ಕವಾಸೆ ಹಾಸುಯಿ (1883–1957) 1925ರಲ್ಲಿ ರಚಿಸಿದ 'ಶಿಬಾದ ಜೋಜೋಜಿ' ಎಂಬ ಮರದಚ್ಚಿನ ಚಿತ್ರವಿದು.

ಟೋಕಿಯೊ ನಗರದ ಶಿಬಾ ಪ್ರದೇಶದಲ್ಲಿರುವ ಜೋಜೋಜಿ, ತೊಕುಗಾವ ಶೋಗನ್ನರ ಮನೆತನದ ಬೌದ್ಧ ದೇಗುಲ. ಆ ವಂಶದ ಆರು ಮಂದಿ ಶೋಗನ್ನರ ಸಮಾಧಿಗಳು ಅಲ್ಲಿವೆ. ಚಿತ್ರದಲ್ಲಿರುವ ದ್ವಾರ 1622ರದು. ಮರದ್ದು, ಸುಮಾರು 21 ಮೀಟರ್ ಎತ್ತರ. ಅದನ್ನು ದಾಟಿದವರು ಲೋಭ, ದ್ವೇಷ, ಮೋಹ ಈ ಮೂರರಿಂದ ಬಿಡುಗಡೆ ಹೊಂದುವರೆಂಬ ನಂಬಿಕೆಯಿಂದ ಅದಕ್ಕೆ 'ಮೂರು ವಿಮೋಚನೆಗಳ ಬಾಗಿಲು' ಎಂದು ಹೆಸರು. ನಮ್ಮ ಕಿವಿಗೂ ಪರಕೀಯವೆನಿಸದ ಮಾತು.

ಚಿತ್ರದ ಬೆಲೆ ತಿಳಿಯಬೇಕಾದರೆ ಎರಡು ವರ್ಷ ಹಿಂದಕ್ಕೆ ಹೋಗಬೇಕು. 1923ರ ಸೆಪ್ಟೆಂಬರ್ 1, ಮಧ್ಯಾಹ್ನದ ಅಡುಗೆಯ ಹೊತ್ತು. ಭೂಕಂಪಕ್ಕೆ ಮನೆಗಳು ಉರುಳಿದವು, ಒಲೆಯ ಬೆಂಕಿ ಊರಿಗೆ ಹಬ್ಬಿತು. ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ಹಾಸುಯಿಯ ಪ್ರಕಾಶಕ ವತನಾಬೆ ಶೋಜಬುರೊ ಅವರ ಅಂಗಡಿಯೂ ಅದರಲ್ಲಿದ್ದ ಪಡಿಯಚ್ಚುಗಳೂ ಸುಟ್ಟುಹೋದವು. ಕಲಾವಿದನ ಮನೆಯೊಂದಿಗೆ ಅವರು ಊರೂರು ಅಲೆದು ಬರೆದಿಟ್ಟ ರೇಖಾಚಿತ್ರಗಳ ಪುಸ್ತಕಗಳು ಬೂದಿಯಾದವು. ಆಗ ಅವರಿಗೆ ನಲವತ್ತು ವರ್ಷ. ಮತ್ತೆ ಪ್ರವಾಸ ಹೊರಟರು, ಮತ್ತೆ ಬರೆದರು. ಅಳಿದುಳಿದ ನಗರವನ್ನು ಕುರಿತ 'ಟೋಕಿಯೊದ ಇಪ್ಪತ್ತು ನೋಟಗಳು' ಮಾಲೆಗೆ ಸೇರಿದ್ದು ಈ ಚಿತ್ರ. ದ್ವಾರ ಭೂಕಂಪದಲ್ಲಿ ಬಿದ್ದಿರಲಿಲ್ಲ.

ಇಂಥ ಚಿತ್ರ ಒಬ್ಬರ ಕೈಕೆಲಸವಲ್ಲ. ಕಲಾವಿದ ಬರೆದುಕೊಟ್ಟ ರೇಖೆಯ ಹಾಳೆಯನ್ನು ಚೆರಿ ಮರದ ಹಲಗೆಯ ಮೇಲೆ ಬೋರಲಾಗಿ ಅಂಟಿಸಿ, ಕೆತ್ತುವವನು ರೇಖೆಗಳನ್ನು ಉಳಿಸಿಕೊಂಡು ಉಳಿದ ಮರವನ್ನು ತೆಗೆಯುತ್ತಾನೆ. ಆ ಹಾಳೆ ಅಲ್ಲಿಗೇ ಮುಗಿಯಿತು. ಬಣ್ಣಗಳಿಗೆ ಬೇರೆ ಬೇರೆ ಅಚ್ಚುಗಳು. ಮುದ್ರಿಸುವವನು ನೀರುಬಣ್ಣಕ್ಕೆ ಅಕ್ಕಿಯ ಅಂಟು ಸೇರಿಸಿ ಅಚ್ಚಿಗೆ ಬಳಿದು, ತೇವದ ಕಾಗದ ಹಾಸಿ, ಬಿದಿರಿನ ಹಾಳೆ ಸುತ್ತಿದ ಉಜ್ಜುಬಿಲ್ಲೆಯಿಂದ ಉಜ್ಜುತ್ತಾನೆ. ಪ್ರತಿ ಅಚ್ಚಿನ ಮೂಲೆಯಲ್ಲೂ ಕೊರೆದ ಗುರುತಿಗೆ ಕಾಗದವನ್ನು ಕೂರಿಸದಿದ್ದರೆ ಬಣ್ಣಗಳು ಒಂದರ ಮೇಲೊಂದು ಜಾರುತ್ತವೆ. ಇನ್ನು ಹಿಮ? ಕೆತ್ತಿ ತೆಗೆದ ಜಾಗಕ್ಕೆ ಬಣ್ಣ ತಗಲುವುದಿಲ್ಲ. ಕಾಗದದ ಬಿಳುಪೇ ಹಿಮವಾಗುತ್ತದೆ. ಅಷ್ಟು ಬಣ್ಣಗಳ ನಡುವೆ ಆ ಬಿಳುಪನ್ನು ಕಾಯುವುದೇ ಕಷ್ಟ ಎನ್ನಬೇಕು.

1945ರ ವಾಯುದಾಳಿಯಲ್ಲಿ ಜೋಜೋಜಿಯ ಮುಖ್ಯ ಮಂದಿರವೂ ಶೋಗನ್ನರ ಸಮಾಧಿ ಮಂಟಪಗಳೂ ಉರಿದುಹೋದವು. ದ್ವಾರ ಆಗಲೂ ಉಳಿಯಿತು. 1953ರಲ್ಲಿ ಮರದಚ್ಚಿನ ಕೆಲಸವನ್ನು ಹಂತಹಂತವಾಗಿ ದಾಖಲಿಸಿಡಲು ಸರಕಾರದ ಸಾಂಸ್ಕೃತಿಕ ಸಂಪತ್ತು ಸಮಿತಿ ಹಾಸುಯಿ ಅವರಿಂದಲೇ ಒಂದು ಚಿತ್ರ ಮಾಡಿಸಿತು. ಅವರು ಆರಿಸಿಕೊಂಡದ್ದು ಹಿಮ ಬೀಳುವ ಜೋಜೋಜಿಯನ್ನೇ. ಈ ಸಲ ಒಂಟಿ ಹೆಂಗಸಿಲ್ಲ. ಕೊಡೆ ಹಿಡಿದ ಕೆಲವರು ಟ್ರಾಮಿಗೆ ಕಾಯುತ್ತ ನಿಂತಿದ್ದಾರೆ.