ಕಿಂಗ್ಸ್ ಕ್ರಾಸ್: ಓರೆ ಮೆಟ್ಟಿಲು ಕಲಿಸಿದ ಅಗ್ನಿಪಾಠ

ಹೊತ್ತಿಸಿದ ಬೆಂಕಿಕಡ್ಡಿಯ ತಲೆಯನ್ನು ಮೇಲಕ್ಕೆ ಹಿಡಿದರೆ ಅದು ನಿಧಾನವಾಗಿ ಉರಿಯುತ್ತದೆ. ತಲೆಯನ್ನು ಕೆಳಗೆ ಬಾಗಿಸಿದರೆ ಜ್ವಾಲೆ ಕಡ್ಡಿಯನ್ನು ಸವರುತ್ತಾ ಮೇಲೇರಿ ಬೇಗನೆ ಬೆರಳನ್ನು ಸುಡುತ್ತದೆ. ಕಡ್ಡಿಯೂ ಅದೇ, ಗಾಳಿಯೂ ಅದೇ. ಬದಲಾದದ್ದು ಓರೆ ಮಾತ್ರ. ಬೆಂಕಿ ಹಬ್ಬುವ ವೇಗವನ್ನು ಉರಿಯುವ ವಸ್ತುವಷ್ಟೇ ಅಲ್ಲ, ಅದರ ಆಕಾರ ಮತ್ತು ಇಳಿಜಾರೂ ನಿರ್ಧರಿಸುತ್ತವೆ. ಲಂಡನ್ನಿನ ಕಿಂಗ್ಸ್ ಕ್ರಾಸ್ ಸೇಂಟ್ ಪ್ಯಾಂಕ್ರಾಸ್ ನೆಲದಡಿ ರೈಲು ನಿಲ್ದಾಣದಲ್ಲಿ 1987ರಲ್ಲಿ 31 ಜನರನ್ನು ಬಲಿ ತೆಗೆದುಕೊಂಡ ದುರಂತ ಈ ಪಾಠವನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟಿತು.

ಪದರ ಪದರವಾಗಿ ಬೆಳೆದ ನಿಲ್ದಾಣ

ಪ್ರಪಂಚದ ಮೊದಲ ನೆಲದಡಿ ರೈಲುಮಾರ್ಗವಾದ ಮೆಟ್ರೊಪಾಲಿಟನ್ ರೈಲ್ವೆ 1863ರ ಜನವರಿ 10ರಂದು ಆರಂಭವಾಯಿತು. ಅದರ ಮೊದಲ ನಿಲ್ದಾಣಗಳಲ್ಲಿ ಕಿಂಗ್ಸ್ ಕ್ರಾಸ್ ಕೂಡ ಒಂದು. ಆಗ ಉಗಿಬಂಡಿಗಳು ಓಡುತ್ತಿದ್ದವು. ರಸ್ತೆಯನ್ನು ಅಗೆದು, ಹಳಿ ಹಾಕಿ, ಮೇಲೆ ಕಮಾನು ಕಟ್ಟಿ ಮುಚ್ಚುವ ವಿಧಾನದಿಂದ ನಿರ್ಮಿಸಿದ್ದರಿಂದ ಈ ಮಾರ್ಗ ನೆಲಮಟ್ಟಕ್ಕೆ ಸಮೀಪದಲ್ಲಿದೆ.

ಮುಂದೆ ವಿದ್ಯುತ್ ರೈಲುಗಳು ಬಂದ ಮೇಲೆ ಆಳದಲ್ಲಿ ಕೊಳವೆಯಂಥ ಸುರಂಗಗಳನ್ನು ಕೊರೆಯುವುದು ಸಾಧ್ಯವಾಯಿತು. ಹೀಗೆ ಇಂದಿನ ಪಿಕಾಡಿಲಿ ಮಾರ್ಗ 1906ರಲ್ಲಿ, ನಾರ್ದರ್ನ್ ಮಾರ್ಗ 1907ರಲ್ಲಿ, ವಿಕ್ಟೋರಿಯಾ ಮಾರ್ಗ 1968ರಲ್ಲಿ ಇಲ್ಲಿಗೆ ತಲುಪಿದವು. ಇಂದು ಸರ್ಕಲ್, ಹ್ಯಾಮರ್‌ಸ್ಮಿತ್ ಆ್ಯಂಡ್ ಸಿಟಿ ಮಾರ್ಗಗಳೂ ಸೇರಿ ಆರು ಮಾರ್ಗಗಳು ಇಲ್ಲಿ ಸಂಧಿಸುತ್ತವೆ.

ಆಳದ ಮಾರ್ಗಗಳಿಂದ ಜನರನ್ನು ಮೇಲೆ ತರಲು ಎಸ್ಕಲೇಟರ್‌ಗಳು, ಅಂದರೆ ಚಲಿಸುವ ಮೆಟ್ಟಿಲುಗಳು ಬೇಕಾದವು. ಪಿಕಾಡಿಲಿ ಮಾರ್ಗದವು 1939ರವು. ಅವುಗಳ ಮೆಟ್ಟಿಲ ಹಲಗೆಗಳೂ ಪಕ್ಕದ ಗೋಡೆಗಳೂ ಮರದವು. ಪಿಕಾಡಿಲಿ ಮತ್ತು ವಿಕ್ಟೋರಿಯಾ ಮಾರ್ಗಗಳ ಎಸ್ಕಲೇಟರ್‌ಗಳೆರಡೂ ಮೇಲಿನ ಒಂದೇ ಟಿಕೆಟ್ ಸಭಾಂಗಣಕ್ಕೆ ತೆರೆದುಕೊಳ್ಳುತ್ತಿದ್ದವು. ಪ್ರಯಾಣಿಕರಿಗೆ ಇದು ಅನುಕೂಲವೇ. ಆದರೆ ಬೆಂಕಿ ಬಿದ್ದಾಗ ಹೊಗೆಯ ದಾರಿಯೂ ಜನರ ದಾರಿಯೂ ಒಂದೇ ಆಯಿತು.

ಆ ಹದಿನೈದು ನಿಮಿಷಗಳು

1987ರ ನವೆಂಬರ್ 18ರ ಸಂಜೆ ಸುಮಾರು 7.30ಕ್ಕೆ ಪಿಕಾಡಿಲಿ ಮಾರ್ಗದ ಎಸ್ಕಲೇಟರೊಂದರ ಕೆಳಗೆ ಸಣ್ಣ ಬೆಂಕಿ ಕಾಣಿಸಿತು. ನಿಲ್ದಾಣದೊಳಗೆ ಧೂಮಪಾನವನ್ನು 1985ರಲ್ಲೇ ನಿಷೇಧಿಸಲಾಗಿತ್ತು. ಆದರೂ ಹೊರಹೋಗುವವರು ಎಸ್ಕಲೇಟರ್ ಮೇಲೆಯೇ ಸಿಗರೇಟು ಹಚ್ಚುವುದಿತ್ತು. ಯಾರೋ ಎಸೆದ ಬೆಂಕಿಕಡ್ಡಿ ಮೆಟ್ಟಿಲಿನ ಪಕ್ಕದ ಸಂದಿಯಲ್ಲಿ ಜಾರಿ, ಅಡಿಯಲ್ಲಿ ಶೇಖರವಾಗಿದ್ದ ಗ್ರೀಸ್ ಮತ್ತು ಕಸಕ್ಕೆ ತಗುಲಿರಬೇಕೆಂದು ತನಿಖೆ ತೀರ್ಮಾನಿಸಿತು.

ಆರಂಭದಲ್ಲಿ ಯಾರೂ ಗಾಬರಿಯಾಗಲಿಲ್ಲ. ಕೆಳಗಿದ್ದ ಪ್ರಯಾಣಿಕರನ್ನು ವಿಕ್ಟೋರಿಯಾ ಮಾರ್ಗದ ಎಸ್ಕಲೇಟರ್ ಮೂಲಕ ಮೇಲಕ್ಕೆ, ಅದೇ ಟಿಕೆಟ್ ಸಭಾಂಗಣಕ್ಕೆ ಕಳುಹಿಸಲಾಯಿತು. 7.45ಕ್ಕೆ ಜ್ವಾಲೆ ಒಮ್ಮೆಲೇ ಮೇಲಕ್ಕೆ ಚಿಮ್ಮಿ ಸಭಾಂಗಣವನ್ನು ಆವರಿಸಿತು. ಮಡಿದವರಲ್ಲಿ ಜನರನ್ನು ಪಾರುಮಾಡಲು ಒಳಗೆ ಹೋಗಿದ್ದ ಅಗ್ನಿಶಾಮಕ ಅಧಿಕಾರಿ ಕಾಲಿನ್ ಟೌನ್ಸ್‌ಲಿ ಅವರೂ ಒಬ್ಬರು.

ಕಂದಕ ಪರಿಣಾಮ

ಅಷ್ಟು ಚಿಕ್ಕ ಬೆಂಕಿ ಹಠಾತ್ತನೆ ಸ್ಫೋಟದಂತೆ ಹಬ್ಬಿದ್ದು ಹೇಗೆ? ಚಾವಣಿಯ ಹಲವು ಪದರದ ಬಣ್ಣದ ಮೇಲೆ ಮೊದಲು ಅನುಮಾನ ಬಂತು. ಡೆಸ್ಮಂಡ್ ಫೆನೆಲ್ ನೇತೃತ್ವದ ತನಿಖೆಗಾಗಿ ಹಾರ್ವೆಲ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಗಾಳಿಯ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಜ್ವಾಲೆ ನೆಟ್ಟಗೆ ಮೇಲೇಳದೆ ಮೆಟ್ಟಿಲುಗಳ ಮೇಲೆಯೇ ಮಲಗುತ್ತದೆ ಎಂದು ಲೆಕ್ಕ ಹೇಳಿತು! ಇದನ್ನು ಹಲವರು ಒಡನೆಯೇ ನಂಬಲಿಲ್ಲ. ಮೂರನೇ ಒಂದರಷ್ಟು ಗಾತ್ರದ ಮಾದರಿ ಕಟ್ಟಿ ಬೆಂಕಿ ಹಚ್ಚಿದಾಗ ಲೆಕ್ಕವೇ ನಿಜವಾಯಿತು.

ಕಾರಣ ಹೀಗಿದೆ. ಉರಿಯುವ ಬೆಂಕಿ ಸುತ್ತಲಿನ ಗಾಳಿಯನ್ನು ತನ್ನತ್ತ ಸೆಳೆಯುತ್ತದೆ. ಸಮತಲದಲ್ಲಿ ಎಲ್ಲ ದಿಕ್ಕಿನಿಂದಲೂ ಗಾಳಿ ಬರುವುದರಿಂದ ಜ್ವಾಲೆ ನೆಟ್ಟಗಿರುತ್ತದೆ. ಎಸ್ಕಲೇಟರ್ 30 ಡಿಗ್ರಿ ಓರೆಯಾಗಿರುವ ಕಂದಕವಿದ್ದಂತೆ. ಅದರ ಪಕ್ಕದ ಗೋಡೆಗಳು ಎರಡೂ ಬದಿಯ ಗಾಳಿಯನ್ನು ತಡೆಯುತ್ತವೆ. ಆಗ ಗಾಳಿ ಮುಖ್ಯವಾಗಿ ಕೆಳಗಿನಿಂದ ನುಗ್ಗಿ ಜ್ವಾಲೆಯನ್ನು ಮೆಟ್ಟಿಲಿಗೆ ಒತ್ತುತ್ತದೆ. ಮಲಗಿದ ಜ್ವಾಲೆ ಮುಂದಿನ ಮರವನ್ನು ಕಾಯಿಸುತ್ತದೆ. ಕಾದ ಮರದಿಂದ ಉರಿಯುವ ಅನಿಲಗಳು ಹೊಮ್ಮುತ್ತವೆ. ಅವು ಹೊತ್ತಿಕೊಂಡಾಗ ಜ್ವಾಲೆ ಇನ್ನಷ್ಟು ಉದ್ದವಾಗುತ್ತದೆ. ಈ ಸರಪಳಿ ಬೆಳೆದು ಕೊನೆಗೆ ಬೆಂಕಿ ಕಂದಕದ ಮೇಲ್ತುದಿಯಿಂದ ಸಭಾಂಗಣಕ್ಕೆ ಚಿಮ್ಮುತ್ತದೆ. ಇದಕ್ಕೆ ‘ಕಂದಕ ಪರಿಣಾಮ’ ಎಂಬ ಹೆಸರು ಬಂತು.

ಮುಂದೇನಾಯಿತು?

1989ರಲ್ಲಿ ನೆಲದಡಿ ನಿಲ್ದಾಣಗಳಿಗೆಂದೇ ಅಗ್ನಿಸುರಕ್ಷಾ ನಿಯಮಗಳು ಬಂದವು. ಮರದ ಎಸ್ಕಲೇಟರ್‌ಗಳನ್ನು ಹಂತಹಂತವಾಗಿ ತೆಗೆಯಲಾಯಿತು. ಲಂಡನ್ ನೆಲದಡಿ ರೈಲು ಜಾಲದ ಕೊನೆಯದು, ಗ್ರೀನ್‌ಫರ್ಡ್ ನಿಲ್ದಾಣದ್ದು, 2014ರಲ್ಲಿ ಹೋಯಿತು. ಕಿಂಗ್ಸ್ ಕ್ರಾಸ್‌ನಲ್ಲಿ 2006 ಮತ್ತು 2009ರಲ್ಲಿ ಇನ್ನೆರಡು ಟಿಕೆಟ್ ಸಭಾಂಗಣಗಳು ತೆರೆದು, ಜನಸಂದಣಿ ಹಂಚಿಹೋಗಲು ಬೇರೆ ದಾರಿಗಳಾದವು.

ವಹನ, ಸಂವಹನ, ವಿಕಿರಣಗಳನ್ನು ತರಗತಿಯಲ್ಲಿ ಪಾಠ ಮಾಡುವಾಗ ಈ ಉದಾಹರಣೆಯನ್ನು ಹೇಳಬಹುದು. ಜೊತೆಗೆ ತಮ್ಮ ಶಾಲೆಯ ನಕ್ಷೆ ಬರೆದು, ಹೊಗೆ ಮೇಲೇರುವ ದಾರಿ ಯಾವುದು, ಮಕ್ಕಳು ಹೊರಬರುವ ದಾರಿ ಯಾವುದು ಎಂದು ಗುರುತಿಸಲು ವಿದ್ಯಾರ್ಥಿಗಳಿಗೆ ಹೇಳಿ. ಎರಡೂ ಒಂದೇ ಆಗಿದ್ದರೆ, ಇನ್ನೊಂದು ಬಾಗಿಲು ತೆರೆದಿಡುವ ಬಗ್ಗೆ ಇಂದೇ ಯೋಚಿಸಬೇಕು.