ಆಕ್ಸಿಲರೇಟರ್ ಒತ್ತದಿದ್ದರೂ ಕಾರು ಹೊರಟಿದ್ದೇಕೆ?

"ಆಕ್ಸಿಲರೇಟರ್ ಒತ್ತದಿದ್ದರೆ ಕಾರು ಎಲ್ಲಿಗೂ ಹೋಗಲ್ಲ, ಹೆದರಬೇಡ." ಪುಣೆಯ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಹೆಂಡತಿಗೆ ಡ್ರೈವಿಂಗ್ ಕಲಿಸಲು ಕೂತ ದಿನ ನಾನು ಕೊಟ್ಟ ಭರವಸೆ ಇದು. ನಮ್ಮದು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಮ್ಯಾನುಯಲ್ ಡೀಸೆಲ್ ಕಾರು. ಅವಳು ಫಸ್ಟ್ ಗೇರ್ ಹಾಕಿ ಕ್ಲಚ್ಚನ್ನು ನಿಧಾನವಾಗಿ ಬಿಟ್ಟಳು. ಕಾರು ಮೆಲ್ಲಗೆ ಮುಂದಕ್ಕೆ ಹೊರಟಿತು.

"ನಾ ಏನೂ ಒತ್ತೇ ಇಲ್ರೀ, ಗಾಡಿ ತಾನ ಹೊಂಟದ!" ಎಂದು ಧಾರವಾಡದ ಹುಡುಗಿ ಕೂಗಿ ಬ್ರೇಕ್ ಹುಡುಕುವಷ್ಟರಲ್ಲಿ ವಾಚ್‌ಮನ್ನನ ಪ್ಲಾಸ್ಟಿಕ್ ಕುರ್ಚಿ ಗೋಡೆಗೂ ಬಂಪರಿಗೂ ನಡುವೆ ಸಿಕ್ಕಿ ಮುರಿದಿತ್ತು. ಪುಣ್ಯಕ್ಕೆ ಆತ ಚಹಾ ತರಲು ಹೋಗಿದ್ದ. ಹೊಸ ಕುರ್ಚಿ ಕೊಡಿಸಿದೆವು. ಆದರೆ ಆತ ಅಲ್ಲಿ ಕೂತಿದ್ದರೆ ಎಂಬ ಯೋಚನೆ ಆ ರಾತ್ರಿ ನಿದ್ದೆ ಕೊಡಲಿಲ್ಲ. ತಪ್ಪು ಅವಳದಲ್ಲ, ಹದಿನೈದು ವರ್ಷ ಕಾರು ಓಡಿಸಿಯೂ ಇದನ್ನು ಸರಿಯಾಗಿ ತಿಳಿಯದ ನನ್ನದು.

ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್‌ಗೆ ಡೀಸೆಲ್ ನಿಲ್ಲುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ನಿಂತ ಕಾರಿನಲ್ಲಿ ಹಾಗಾದರೆ ಎಂಜಿನ್ ಆಫ್ ಆಗಿಬಿಡುತ್ತದೆ. ಆದ್ದರಿಂದ ಅದನ್ನು ನಿಮಿಷಕ್ಕೆ ಸುಮಾರು 800 ಸುತ್ತುಗಳ ಐಡಲ್ ವೇಗದಲ್ಲಿ ಜೀವಂತವಾಗಿಡುವ ವ್ಯವಸ್ಥೆ ಇರುತ್ತದೆ. ಹಳೆಯ ಡೀಸೆಲ್ ಗಾಡಿಗಳಲ್ಲಿ ಈ ಕೆಲಸ ಪಂಪಿನೊಳಗಿನ ಗವರ್ನರ್‌ನದು: ತಿರುಗುವ ತೂಕಗಳು ಮತ್ತು ಒಂದು ಸ್ಪ್ರಿಂಗ್. ಈಗ ಅದು ಇಸಿಯು ಎಂಬ ಪುಟ್ಟ ಕಂಪ್ಯೂಟರಿನ ಕೆಲಸ.

ಕ್ಲಚ್ ಬಿಟ್ಟಾಗ ಕಾರಿನ ಭಾರವೆಲ್ಲ ಎಂಜಿನ್ ಮೇಲೆ ಬೀಳುತ್ತದೆ, ವೇಗ ಕುಸಿಯತೊಡಗುತ್ತದೆ. ಸೆನ್ಸರ್ ಅದನ್ನು ತಿಳಿಸಿದ ಕೂಡಲೇ ಇಸಿಯು ಡೀಸೆಲ್ ಹೆಚ್ಚಿಸಿ ಮತ್ತೆ 800ಕ್ಕೆ ತರುತ್ತದೆ. ಲೋಡ್ ಏರಿದಾಗ ಸರ್ವರ್‌ಗಳು ತಾವೇ ಹೆಚ್ಚಾಗುವುದನ್ನು ನಾವು ಆಫೀಸಿನಲ್ಲಿ ನೋಡುತ್ತೇವಲ್ಲ, ಅದೇ ತತ್ವ. ಅಂದರೆ ನಾವು ಆಕ್ಸಿಲರೇಟರ್ ಒತ್ತದಿದ್ದರೂ ನಮ್ಮ ಪರವಾಗಿ ಅದೇ ಒತ್ತುತ್ತಿರುತ್ತದೆ.

ಪೆಟ್ರೋಲ್ ಕಾರೂ ಸಮತಟ್ಟಾದ ಜಾಗದಲ್ಲಿ ಹೀಗೆ ತೆವಳಬಲ್ಲದು, ಆದರೆ ಸಣ್ಣ ಏರು ಸಿಕ್ಕರೂ ಆಫ್ ಆಗುವ ಸಾಧ್ಯತೆ ಹೆಚ್ಚು. ಐಡಲ್‌ನಲ್ಲಿ ಅದರ ಗಾಳಿಯ ದಾರಿ ಬಹುತೇಕ ಮುಚ್ಚಿರುತ್ತದೆ; ಶಕ್ತಿ ಬೇಕೆಂದರೆ ಗಾಳಿಯನ್ನೂ ಹೆಚ್ಚು ಬಿಡಬೇಕು. ಡೀಸೆಲ್ ಎಂಜಿನ್ ಯಾವಾಗಲೂ ಧಾರಾಳವಾಗಿ ಗಾಳಿ ಎಳೆದುಕೊಳ್ಳುತ್ತದೆ. ಇಂಧನ ಹೆಚ್ಚಿಸಿದರೆ ಸಾಕು, ಮುಂದಿನ ಸುತ್ತಿಗೇ ಶಕ್ತಿ ಸಿದ್ಧ. ಜೊತೆಗೆ ಭಾರವಾದ ಫ್ಲೈವೀಲ್ ಎಂಜಿನ್ ಸುಲಭವಾಗಿ ನಿಲ್ಲಲು ಬಿಡುವುದಿಲ್ಲ.

ಕಾರು ಎಷ್ಟು ವೇಗವಾಗಿ ಹೋಗುತ್ತದೆ? ಫಸ್ಟ್ ಗೇರ್‌ನಲ್ಲಿ ಎಂಜಿನ್ ಸುಮಾರು 14 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ಎಂದಿಟ್ಟುಕೊಳ್ಳಿ. 800 ಸುತ್ತಿಗೆ ಚಕ್ರ 57 ಸುತ್ತು. ಒಂದು ಸುತ್ತಿಗೆ 1.9 ಮೀಟರ್ ಎಂದರೆ ಗಂಟೆಗೆ ಸುಮಾರು 6.5 ಕಿಲೋಮೀಟರ್. ಚುರುಕಾಗಿ ನಡೆಯುವವರ ವೇಗ. ಸೆಕೆಂಡ್ ಗೇರ್‌ನಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಚಿಕ್ಕ ವೇಗವೇ, ಆದರೆ ಹಿಂದೆ ಇರುವುದು ಒಂದು ಟನ್ನಿಗೂ ಹೆಚ್ಚಿನ ಭಾರ.

ಇಳಿಜಾರಿನಲ್ಲಿ ಕಥೆ ತಿರುಗುಮುರುಗು. ಊರಿಗೆ ಹೋಗುವಾಗ ಘಾಟ್ ಇಳಿಯುತ್ತ, ಗೇರ್‌ನಲ್ಲೇ ಇದ್ದು ಕಾಲು ತೆಗೆದರೆ ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ಇಂದಿನ ಕಾರುಗಳಲ್ಲಿ ಆಗ ಇಸಿಯು ಡೀಸೆಲ್ಲನ್ನು ಪೂರ್ತಿ ನಿಲ್ಲಿಸುತ್ತದೆ, ವೇಗ ಐಡಲ್ ಹತ್ತಿರ ಬಂದಾಗ ಮತ್ತೆ ಬಿಡುತ್ತದೆ. ಎಂಜಿನ್ನೇ ಕಾರನ್ನು ಹಿಡಿದು ನಿಲ್ಲಿಸುತ್ತಿರುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವವರು ಈ ಹಿಡಿತ ಕಳೆದುಕೊಂಡು ಬ್ರೇಕ್ ಬಿಸಿ ಮಾಡಿಕೊಳ್ಳುತ್ತಾರೆ, ಉಳಿತಾಯವೂ ಇಲ್ಲ.

ಮುಂದಿನ ವಾರ ಪಾಠ ಬದಲಿಸಿದೆ. ಮೊದಲು ಬ್ರೇಕ್ ಎಲ್ಲಿದೆ ಎಂದು ಕಾಲಿಗೆ ಗೊತ್ತಾಗಲಿ. ನಿಲ್ಲಬೇಕೆಂದರೆ ಬ್ರೇಕ್ ಮತ್ತು ಕ್ಲಚ್ ಎರಡೂ. ಗೇರ್‌ನಲ್ಲಿದ್ದರೆ ಕಾರು ಹೊರಡುತ್ತದೆ ಎಂದೇ ತಿಳಿ. ಮುಂದೆ ಗೋಡೆಯೂ ಇಲ್ಲದ, ಯಾರೂ ಇಲ್ಲದ ಖಾಲಿ ಮೈದಾನಕ್ಕೆ ಹೋಗಿ, ಅರ್ಧ ಗಂಟೆ ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಒಂದರಲ್ಲೇ ಹೊರಡುವುದು, ನಿಲ್ಲುವುದು ಮಾಡಿಸಿದೆ. ಹೆದರಿಸಿದ್ದ ಗುಣವೇ ಈಗ ಕಲಿಸತೊಡಗಿತು.

ಈಗ ಹಿಂಜವಡಿಯ ಸಂಜೆ ಟ್ರಾಫಿಕ್‌ನಲ್ಲಿ ಅವಳೇ ಓಡಿಸುತ್ತಾಳೆ. ಸೊಸೈಟಿಯ ಗೇಟ್ ಹತ್ತಿರ ಬಂದಾಗ ಮಾತ್ರ ವಾಚ್‌ಮನ್ ಇಂದಿಗೂ ಎದ್ದು, ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು ನಗುತ್ತಾನೆ.